ಮುಚ್ಚಿದ ಸ್ಟ್ರೀಮ್‌ಗೆ ಬರೆಯುವ ಥ್ರೆಡ್: ಕ್ಲೋಸ್ ರೇಸ್ ಹಿಡಿಯುವುದು, ಸರಿಪಡಿಸುವುದು

ಸರ್ವರ್ ದಿನವಿಡೀ ಸರಿಯಾಗಿಯೇ ಓಡುತ್ತದೆ. ಕನೆಕ್ಷನ್ ಮುಚ್ಚುವಾಗಲೋ ಪ್ರೋಗ್ರಾಂ ನಿಲ್ಲಿಸುವಾಗಲೋ ಮಾತ್ರ ಏನೋ ಎಡವಟ್ಟಾಗುತ್ತದೆ. ಅದೂ ಪ್ರತಿ ಸಲ ಅಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಬರುವುದಿಲ್ಲ, ಲೋಡ್ ಇರುವ ಮೆಷೀನಿನಲ್ಲಿ ಬರುತ್ತದೆ. ಹೀಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕ್ಲೋಸ್ ರೇಸ್ ಅನ್ನು: ಒಂದು ಥ್ರೆಡ್ (ಒಂದೇ ಪ್ರೋಗ್ರಾಮಿನೊಳಗೆ ಬೇರೆಯವುಗಳ ಜೊತೆಜೊತೆಗೇ ಓಡುವ ಕೆಲಸದ ಎಳೆ) ಸ್ಟ್ರೀಮ್ ಅನ್ನು, ಅಂದರೆ ಡೇಟಾ ಓದುವ ಬರೆಯುವ ದಾರಿಯನ್ನು, ಬಳಸುತ್ತಿರುವಾಗಲೇ ಇನ್ನೊಂದು ಥ್ರೆಡ್ ಅದನ್ನು ಮುಚ್ಚಿಬಿಡುವುದು.

ಇಲ್ಲಿ ಹೇಳುವುದು ಮುಖ್ಯವಾಗಿ ಲಿನಕ್ಸ್‌ನ ಫೈಲ್, ಪೈಪ್ (ಒಂದು ಪ್ರೋಗ್ರಾಮಿನ ಔಟ್‌ಪುಟ್ ಇನ್ನೊಂದಕ್ಕೆ ಹರಿಯುವ ಕೊಳವೆ), ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್‌ನ ನಮ್ಮ ಕಡೆಯ ತುದಿ) ಇವುಗಳ ಬಗ್ಗೆ. ಗೋ ಭಾಷೆಯ ಎರಡು ಪ್ರಸಂಗಗಳೂ ಇವೆ. ಬೇರೆ ಭಾಷೆಯಲ್ಲಿ ಕೆಲಸ ಮಾಡುವವರಿಗೂ ಇದು ಹೊಂದುತ್ತದೆ, ಏಕೆಂದರೆ ಕೆಳಗೆ ಇರುವುದು ಅದೇ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು.

ಲಕ್ಷಣಗಳು

ಸದ್ದು ಮಾಡುವ ಲಕ್ಷಣಗಳು ಮೊದಲು. ಸಿ ಪ್ರೋಗ್ರಾಮಿನಲ್ಲಿ ರೀಡ್ ಅಥವಾ ರೈಟ್ 'ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್' ಎಂದು ಸೋಲುತ್ತದೆ. ಜಾವಾದಲ್ಲಿ 'ಸ್ಟ್ರೀಮ್ ಕ್ಲೋಸ್ಡ್' ಎಂಬ ಎಕ್ಸೆಪ್ಶನ್ ಬರುತ್ತದೆ. ಗೋದಲ್ಲಿ, ಅದರ ಕೆಲಸಗಳು ಪರಸ್ಪರ ಡೇಟಾ ಕಳುಹಿಸುವ ಚಾನೆಲ್ ಮುಚ್ಚಿದ್ದರೆ, 'ಸೆಂಡ್ ಆನ್ ಕ್ಲೋಸ್ಡ್ ಚಾನೆಲ್' ಅಥವಾ 'ಕ್ಲೋಸ್ ಆಫ್ ಕ್ಲೋಸ್ಡ್ ಚಾನೆಲ್' ಎಂದು ಪ್ಯಾನಿಕ್ ಆಗಿ ಇಡೀ ಪ್ರೋಗ್ರಾಂ ಬಿದ್ದುಹೋಗುತ್ತದೆ. ಇವು ಕಂಡರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಎಂದೇ ಹೇಳುತ್ತೇನೆ. ತಪ್ಪು ಎಲ್ಲಿ ನಡೆಯಿತೋ ಅಲ್ಲೇ ಕೂಗಿಕೊಂಡಿದೆ.

ಸದ್ದಿಲ್ಲದವು ಕಷ್ಟ. ಔಟ್‌ಪುಟ್‌ನ ಕೊನೆಯ ಕೆಲವು ಸಾಲು ಒಮ್ಮೊಮ್ಮೆ ಕಾಣೆಯಾಗುತ್ತವೆ. ಪ್ರೋಗ್ರಾಂ ನಿಲ್ಲಿಸಿದರೆ ನಿಲ್ಲುವುದೇ ಇಲ್ಲ, ಯಾವುದೋ ಥ್ರೆಡ್ ರೀಡ್‌ನಲ್ಲಿ ಕೂತೇ ಇರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಒಂದು ಕಡೆ ಹೋಗಬೇಕಾದ ಡೇಟಾ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಲಾಗ್ ಸಾಲು ಡೇಟಾಬೇಸ್ ಫೈಲಿನೊಳಗೆ, ಒಬ್ಬ ಗ್ರಾಹಕನ ಉತ್ತರ ಇನ್ನೊಬ್ಬನ ಸಾಕೆಟ್‌ಗೆ. ಎರರ್ ಅಂತ ಎಲ್ಲೂ ಬಂದಿರುವುದಿಲ್ಲ.

ಎರರ್ ಏಕೆ ಬರುವುದಿಲ್ಲ

ಫೈಲ್ ಡಿಸ್ಕ್ರಿಪ್ಟರ್ ಅಂದರೆ ಬರೀ ಒಂದು ಸಂಖ್ಯೆ. ಇಲ್ಲಿಂದ ಮುಂದೆ ಅದನ್ನು ಎಫ್‌ಡಿ ಎನ್ನೋಣ. ಹೊಸದಾಗಿ ಏನನ್ನಾದರೂ ತೆರೆದಾಗ ಆ ಪ್ರೋಸೆಸ್‌ನಲ್ಲಿ ಖಾಲಿ ಇರುವ ಅತಿ ಚಿಕ್ಕ ಸಂಖ್ಯೆಯನ್ನೇ ಕರ್ನಲ್ ಕೊಡಬೇಕು. ಇದು ಪೋಸಿಕ್ಸ್, ಅಂದರೆ ಯುನಿಕ್ಸ್ ತರಹದ ಸಿಸ್ಟಂಗಳ ಮಾನದಂಡದ, ನಿಯಮ. ಹಾಗಾಗಿ 7 ಅನ್ನು ಮುಚ್ಚಿದ ಕೂಡಲೇ ಬೇರೆ ಥ್ರೆಡ್ ಏನಾದರೂ ತೆರೆದರೆ, ಬಹುಮಟ್ಟಿಗೆ ಅದಕ್ಕೆ ಸಿಗುವುದು ಅದೇ 7. ರದ್ದಾದ ಮೊಬೈಲ್ ನಂಬರ್ ಬೇರೆಯವರ ಪಾಲಾಗಿ, ಹಳಬರ ಬ್ಯಾಂಕ್ ಓಟಿಪಿ ಅವರಿಗೆ ಹೋಗುತ್ತದಲ್ಲ, ಹಾಗೆ.

ಒಂದು ಟ್ರೇಸ್‌ನಲ್ಲಿ, ಅಂದರೆ ನಡೆದದ್ದರ ಹೆಜ್ಜೆ ಹೆಜ್ಜೆಯ ದಾಖಲೆಯಲ್ಲಿ, ಇದು ಹೀಗೆ ಕಾಣುತ್ತದೆ (ಓಪನ್‌ಆಟ್ ಅಂದರೆ ಫೈಲ್ ತೆರೆಯುವ ಕರೆ):

ಥ್ರೆಡ್ 4102: ಬರೆಯಲು ಹೊರಟಿದೆ, ಕೈಯಲ್ಲಿ 7 ಇದೆ
ಥ್ರೆಡ್ 4101: ಕ್ಲೋಸ್(7) = 0
ಥ್ರೆಡ್ 4105: ಓಪನ್‌ಆಟ್("ಗ್ರಾಹಕರು.ಡಿಬಿ") = 7
ಥ್ರೆಡ್ 4102: ರೈಟ್(7, "ವಿನಂತಿ ಮುಗಿಯಿತು…", 64) = 64

ಕೊನೆಯ ಮೂರು ಸಾಲು ನೋಡಿ. ಮೂರು ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆ), ಮೂರೂ ಯಶಸ್ವಿ. 4101 ಮುಚ್ಚಿದ್ದು ಸರಿ. 4105 ತೆರೆದದ್ದು ಸರಿ. 4102 ಬರೆದದ್ದೂ ಕರ್ನಲ್ ಲೆಕ್ಕದಲ್ಲಿ ಸರಿಯೇ. ಆದರೂ ಡೇಟಾಬೇಸ್ ಹಾಳಾಯಿತು. ಎರಡನೇ ಸಾಲಿಗೂ ಮೂರನೇ ಸಾಲಿಗೂ ನಡುವೆ 4102 ಬರೆದಿದ್ದರೆ 'ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್' ಬರುತ್ತಿತ್ತು. ಅದಕ್ಕಾಗಿಯೇ ಲಾಗ್‌ನಲ್ಲಿ ಅಪರೂಪಕ್ಕೊಮ್ಮೆ ಬರುವ ಆ ಎರರ್ ಅನ್ನು ಸುಮ್ನೆ ಬಿಡಬಾರದು. ಅದು ಒಮ್ಮೆ ಕಂಡಿದೆ ಅಂದರೆ, ಕಾಣದ ಇನ್ನೊಂದು ರೂಪವೂ ನಡೆಯುತ್ತಿರಬಹುದು.

ಇದು ಬರೀ ಹೆದರಿಕೆಯ ಮಾತಲ್ಲ. 2013ರ ಆಗಸ್ಟ್‌ನಲ್ಲಿ ಫಾಸಿಲ್ ಎಂಬ ವರ್ಷನ್ ಕಂಟ್ರೋಲ್ ಪ್ರಾಜೆಕ್ಟಿನ ಮುಖ್ಯ ರೆಪಾಸಿಟರಿಯೇ ಹೀಗೆ ಕೆಟ್ಟಿತ್ತು. ಎರರ್ ಔಟ್‌ಪುಟ್‌ನ ಸಂಖ್ಯೆಯಾದ 2 ತಪ್ಪಾಗಿ ಮುಚ್ಚಿಹೋಗಿತ್ತು. ಆಮೇಲೆ ತೆರೆದ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಅದೇ 2 ಸಿಕ್ಕಿತು. ಮುಂದೆ ಒಂದು ಅಸರ್ಟ್ (ಕೋಡ್ ತನ್ನನ್ನು ತಾನೇ ಪರೀಕ್ಷಿಸುವ ಸಾಲು) ಸೋತಾಗ ಅದರ ಸಂದೇಶ ನೇರವಾಗಿ ಡೇಟಾಬೇಸ್ ಮೇಲೆ ಬರೆಯಲ್ಪಟ್ಟಿತು. ಅದಾದ ಮೇಲೆ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿಗೆ 0, 1, 2 ಈ ಸಂಖ್ಯೆಗಳನ್ನು ಬಳಸುವುದನ್ನೇ ಬಿಟ್ಟಿತು. ಅಲ್ಲಿ ನಡೆದದ್ದು ಥ್ರೆಡ್‌ಗಳ ಪೈಪೋಟಿ ಅಲ್ಲ. ಆದರೆ ಸಂಖ್ಯೆ ಮರುಬಳಕೆಯ ಅಪಾಯ ಥೇಟ್ ಇದೇ.

ಎರಡು ಸಲ ಮುಚ್ಚುವುದೂ ಇದೇ ಜಾತಿಯ ದೋಷ. ಮೊದಲ ಕ್ಲೋಸ್ ನಿಮ್ಮದನ್ನು ಮುಚ್ಚುತ್ತದೆ. ಎರಡನೆಯದು ಅಷ್ಟರೊಳಗೆ ಆ ಸಂಖ್ಯೆ ಪಡೆದ ಬೇರೆಯವರದನ್ನು ಮುಚ್ಚುತ್ತದೆ. ಒಂದೇ ಥ್ರೆಡ್ ಇರುವ ಪ್ರೋಗ್ರಾಮಿನಲ್ಲಿ, ನಡುವೆ ಬೇರೇನನ್ನೂ ತೆರೆಯದಿದ್ದರೆ, ಎರಡನೇ ಕ್ಲೋಸ್‌ನಿಂದ ಹೆಚ್ಚೇನೂ ಕೆಡುವುದಿಲ್ಲ. ಆ ಅಭ್ಯಾಸವನ್ನೇ ಹಲವು ಥ್ರೆಡ್‌ಗಳ ಪ್ರೋಗ್ರಾಮಿಗೆ ಒಯ್ದರೆ ಕಥೆ ಬೇರೆ.

ಪತ್ತೆ ಹಚ್ಚುವುದು

ಮೊದಲು ಕೋಡ್‌ನಲ್ಲಿ ಕ್ಲೋಸ್ ಕರೆಯುವ ಎಲ್ಲ ಜಾಗಗಳನ್ನೂ ಹುಡುಕಿ. ಒಂದು ಸ್ಟ್ರೀಮ್‌ಗೆ ಒಂದಕ್ಕಿಂತ ಜಾಸ್ತಿ ಜಾಗದಲ್ಲಿ ಕ್ಲೋಸ್ ಇದ್ದರೆ, ಶಟ್‌ಡೌನ್ ದಾರಿಯಲ್ಲಿ ಒಂದು, ಎರರ್ ದಾರಿಯಲ್ಲಿ ಒಂದು, ಟೈಮ್‌ಔಟ್ ದಾರಿಯಲ್ಲಿ ಮತ್ತೊಂದು ಹೀಗೆ, ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಟೂಲ್ ಹಿಡಿಯುವ ಮೊದಲು ಈ ಓದು ಆಗಲೇಬೇಕು.

ಆಮೇಲೆ ಎಸ್‌ಟ್ರೇಸ್, ಪ್ರೋಗ್ರಾಂ ಮಾಡುವ ಸಿಸ್ಟಂ ಕಾಲ್‌ಗಳನ್ನೆಲ್ಲ ದಾಖಲಿಸುವ ಟೂಲ್. 'ಮೈನಸ್ ಎಫ್' ಕೊಟ್ಟರೆ ಎಲ್ಲ ಥ್ರೆಡ್‌ಗಳನ್ನೂ ಹಿಂಬಾಲಿಸುತ್ತದೆ. 'ಮೈನಸ್ ಟಿಟಿ' ಕೊಟ್ಟರೆ ಮೈಕ್ರೋಸೆಕೆಂಡ್ ಮಟ್ಟದ ಸಮಯ ಸಿಗುತ್ತದೆ. ಮುಖ್ಯವಾದದ್ದು 'ಮೈನಸ್ ವೈ'. ಇದು ಪ್ರತಿ ಎಫ್‌ಡಿಯ ಪಕ್ಕ ಅದು ಆ ಕ್ಷಣಕ್ಕೆ ಯಾವ ಫೈಲಿನದು ಎಂದು ತೋರಿಸುತ್ತದೆ. 'ಮೈನಸ್ ವೈವೈ' ಆದರೆ ಸಾಕೆಟ್‌ಗಳ ವಿಳಾಸವನ್ನೂ ತೋರಿಸುತ್ತದೆ. ಈಗ ಲಾಗ್ ಬರೆಯುವ ಥ್ರೆಡ್‌ನ ರೈಟ್ ಸಾಲನ್ನು ಹುಡುಕಿ. 7ರ ಪಕ್ಕ ಲಾಗ್ ಫೈಲಿನ ಹೆಸರು ಇರಬೇಕಾದ ಕಡೆ ಡೇಟಾಬೇಸ್ ಹೆಸರು ಕಂಡರೆ ದೋಷ ಸಿಕ್ಕಿತು. ಅಲ್ಲಿಂದ ಮೇಲಕ್ಕೆ ಹೋಗಿ 7ರ ಕೊನೆಯ ಕ್ಲೋಸ್ ಯಾವ ಥ್ರೆಡ್‌ನದು ನೋಡಿ. ಅದೇ ನಿಮಗೆ ಬೇಕಾದ ಜಾಗ. ಒಂದು ಎಚ್ಚರಿಕೆ: ಎಸ್‌ಟ್ರೇಸ್ ಹಾಕಿದರೆ ಪ್ರೋಗ್ರಾಂ ನಿಧಾನವಾಗುತ್ತದೆ, ಥ್ರೆಡ್‌ಗಳ ಸಮಯದ ಹೊಂದಾಣಿಕೆಯೇ ಬದಲಾಗುತ್ತದೆ. ಟ್ರೇಸ್ ಹಾಕಿದಾಗ ದೋಷ ಮಾಯವಾದರೆ ಅದು ಸರಿಹೋಗಿದೆ ಅಂತಲ್ಲ.

ಸಿ ಮತ್ತು ಸಿ ಪ್ಲಸ್ ಪ್ಲಸ್‌ಗೆ ಥ್ರೆಡ್ ಸ್ಯಾನಿಟೈಸರ್ ಎಂಬ ರೇಸ್ ಡಿಟೆಕ್ಟರ್, ಅಂದರೆ ರೇಸ್ ಹಿಡಿಯುವ ಟೂಲ್, ಇದೆ. ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳಲ್ಲಿ ಸಿಗುತ್ತದೆ. ಇದು ಮೆಮೊರಿ ಜೊತೆಗೆ ಎಫ್‌ಡಿಗಳನ್ನೂ ಗಮನಿಸುತ್ತದೆ. ಮುಚ್ಚಿದ ಥ್ರೆಡ್‌ನ ಸ್ಟ್ಯಾಕ್ (ಯಾವ ಕರೆಗಳ ಮೂಲಕ ಅಲ್ಲಿಗೆ ಬಂತು ಎಂಬ ಪಟ್ಟಿ), ಬಳಸಿದ ಥ್ರೆಡ್‌ನ ಸ್ಟ್ಯಾಕ್ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಪ್ರೋಗ್ರಾಂ ಸಾಮಾನ್ಯವಾಗಿ 5ರಿಂದ 15 ಪಟ್ಟು ನಿಧಾನವಾಗುತ್ತದೆ, ಹಾಗಾಗಿ ಟೆಸ್ಟ್ ಮೆಷೀನಿಗಷ್ಟೇ ಸರಿ. ಎರಡು ಸಲ ಮುಚ್ಚುವುದನ್ನು ಹಿಡಿಯಲು ವಾಲ್‌ಗ್ರೈಂಡ್ ಒಳ್ಳೆಯದು. 2023ರಲ್ಲಿ ಬಂದ 3.21ರಿಂದ ಅದರ ಎಫ್‌ಡಿ ಟ್ರ್ಯಾಕಿಂಗ್ ಆನ್ ಮಾಡಿದರೆ ಎರಡನೇ ಕ್ಲೋಸ್ ಎಲ್ಲಿ ನಡೆಯಿತು ಎಂದು ಹೇಳುತ್ತದೆ. ಆಂಡ್ರಾಯ್ಡ್‌ನವರಿಗೆ ಎಫ್‌ಡಿಸ್ಯಾನ್ ಸಿಸ್ಟಂನಲ್ಲೇ ಇದೆ. ಪ್ರತಿ ಎಫ್‌ಡಿಗೂ ಒಬ್ಬ ಯಜಮಾನನ ಗುರುತು ಅಂಟಿಸಿ, ಬೇರೆಯವರು ಮುಚ್ಚಲು ಬಂದರೆ ಹಿಡಿಯುತ್ತದೆ. ಆಂಡ್ರಾಯ್ಡ್ 10ರಲ್ಲಿ ಎಚ್ಚರಿಕೆಯಷ್ಟೇ ಕೊಡುತ್ತಿತ್ತು, 11ರಿಂದ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಈ ಯಜಮಾನನ ಕಲ್ಪನೆ ನೆನಪಿಡಿ, ಪರಿಹಾರವೂ ಅದರಲ್ಲೇ ಇದೆ.

ಈ ಟೂಲ್‌ಗಳಿಗೂ ಮಿತಿ ಇದೆ. ಎರಡು ಥ್ರೆಡ್‌ಗಳೂ ಒಂದೇ ಲಾಕ್ (ಒಮ್ಮೆಗೆ ಒಂದೇ ಥ್ರೆಡ್‌ಗೆ ಸಿಗುವ ಬೀಗ) ಹಿಡಿದು, ಒಂದಾದ ಮೇಲೊಂದು ಅದೇ ಎಫ್‌ಡಿಯನ್ನು ಮುಚ್ಚಿದರೆ ರೇಸ್ ಡಿಟೆಕ್ಟರ್‌ಗೆ ಅಲ್ಲಿ ಡೇಟಾ ರೇಸ್ ಕಾಣದೇ ಹೋಗಬಹುದು. ಲಾಕ್ ಇದೆಯಲ್ಲ! ತಪ್ಪಿರುವುದು ತರ್ಕದಲ್ಲಿ.

ಇಷ್ಟಾದರೂ ಸಿಗದಿದ್ದರೆ ದೋಷವನ್ನೇ ದೊಡ್ಡದು ಮಾಡಿ. ನನಗೆ ಅತಿ ಇಷ್ಟದ ಉಪಾಯ ಇದು. ರೇಸ್ ನಡೆಯುವುದು ಕೆಲವೇ ಮೈಕ್ರೋಸೆಕೆಂಡ್‌ಗಳ ಸಂದಿಯಲ್ಲಿ. ಅನುಮಾನ ಇರುವ ಸಂದಿಯಲ್ಲಿ ಬೇಕೆಂದೇ 200 ಮಿಲಿಸೆಕೆಂಡ್ ಸ್ಲೀಪ್ ಹಾಕಿ. ಉದಾಹರಣೆಗೆ 'ಸ್ಟ್ರೀಮ್ ತೆರೆದಿದೆಯಾ' ಎಂದು ನೋಡುವ ಸಾಲಿಗೂ ಬರೆಯುವ ಸಾಲಿಗೂ ನಡುವೆ. ಅಪರೂಪಕ್ಕೆ ಬರುತ್ತಿದ್ದ ದೋಷ ಈಗ ಪದೇ ಪದೇ ಬಂದರೆ ಜಾಗ ಖಚಿತವಾಯಿತು. ಬರದಿದ್ದರೆ ಆ ಸಂದಿಯನ್ನು ಬದಿಗಿಟ್ಟು ಮುಂದಿನದಕ್ಕೆ ಹೋಗಿ. ಈ ಸ್ಲೀಪ್ ಇರುವ ಬ್ರಾಂಚನ್ನು, ಅಂದರೆ ಕೋಡ್‌ನ ಈ ಪ್ರತ್ಯೇಕ ಪ್ರತಿಯನ್ನು, ಎಸೆಯಬೇಡಿ, ಸರಿಪಡಿಸಿದ ಮೇಲೆ ಪರೀಕ್ಷೆಗೆ ಬೇಕು.

ಪರಿಹಾರ ಅನ್ನಿಸುವ, ಆದರೆ ಅಲ್ಲದ ತೇಪೆಗಳು

ಕ್ಲೋಸ್‌ಗೆ ಮುಂಚೆ ಸ್ಲೀಪ್ ಹಾಕುವುದು ಮೊದಲನೆಯದು. ಪತ್ತೆಗೆ ಸ್ಲೀಪ್ ಒಳ್ಳೆಯದು, ಪರಿಹಾರಕ್ಕೆ ಅಲ್ಲ. ಲೋಡ್ ಜಾಸ್ತಿಯಾದ ದಿನ ಆ ಸ್ಲೀಪ್ ಸಾಲುವುದಿಲ್ಲ. ಎಕ್ಸೆಪ್ಶನ್ ಹಿಡಿದು ನುಂಗುವುದು ಇನ್ನೂ ಕೆಟ್ಟದ್ದು. ಕೂಗುತ್ತಿದ್ದ ಲಕ್ಷಣದ ಬಾಯಿ ಮುಚ್ಚಿಸಿ, ಸದ್ದಿಲ್ಲದ್ದನ್ನು ಹಾಗೇ ಉಳಿಸಿದಂತಾಗುತ್ತದೆ.

ಹೆಚ್ಚು ಜನ ಮೊರೆಹೋಗುವುದು 'ಮುಚ್ಚಿದೆ' ಎಂಬ ಬೂಲಿಯನ್‌ಗೆ, ಅಂದರೆ ನಿಜ ಇಲ್ಲವೇ ಸುಳ್ಳು ಎಂಬ ಗುರುತಿಗೆ. ಬರೆಯುವ ಮುಂಚೆ ಅದನ್ನು ನೋಡು, ಸುಳ್ಳಾಗಿದ್ದರೆ ಬರೆ. ನೋಡಿದ ಮೇಲೆ, ಬರೆಯುವ ಮುಂಚೆ ಇನ್ನೊಂದು ಥ್ರೆಡ್ ಮುಚ್ಚಿದರೆ? ಬೂಲಿಯನ್ ಅನ್ನು ಅಟಾಮಿಕ್ (ಓದು, ಬರಹ ಮಧ್ಯೆ ತುಂಡಾಗದಂತೆ) ಮಾಡಿದರೂ ಅಷ್ಟೇ, ವೊಲಟೈಲ್ ಮಾಡಿದರೂ ಅಷ್ಟೇ. ನೋಡುವುದು, ಬರೆಯುವುದು ಎರಡೂ ಒಂದೇ ಲಾಕ್ ಒಳಗೆ ನಡೆಯಬೇಕು, ಕ್ಲೋಸ್ ಕೂಡ ಅದೇ ಲಾಕ್ ಹಿಡಿಯಬೇಕು. ಆಗ ರೇಸ್ ಹೋಗುತ್ತದೆ. ಆದರೆ ಎದುರಿನವನು ನಿಧಾನ ಓದುವವನಾದರೆ ರೈಟ್ ನಿಂತುಬಿಡುತ್ತದೆ, ಲಾಕ್ ಸಿಗದೆ ಕ್ಲೋಸ್ ಕೂಡ ನಿಲ್ಲುತ್ತದೆ. ಚಿಕ್ಕ ಲಾಗ್ ಫೈಲಿಗೆ ಈ ದಾರಿ ಸಾಕು, ಸಾಕೆಟ್‌ಗೆ ಸಾಲದು.

ಕ್ಲೋಸ್ ಅನ್ನು ಮತ್ತೆ ಪ್ರಯತ್ನಿಸುವುದೂ ಬೇಡ. ಸಿಗ್ನಲ್ ಬಂದು ಕ್ಲೋಸ್ ಮಧ್ಯೆ ನಿಂತಿತು ಎಂಬ ಎರರ್ ಬಂದರೂ ಲಿನಕ್ಸ್‌ನಲ್ಲಿ ಎಫ್‌ಡಿ ಅಷ್ಟರೊಳಗೆ ಬಿಡುಗಡೆ ಆಗಿಯೇ ಇರುತ್ತದೆ. ಲೂಪ್ ಹಾಕಿ ಮತ್ತೆ ಮುಚ್ಚಿದರೆ ಬೇರೆ ಥ್ರೆಡ್‌ನ ಫೈಲ್ ಮುಚ್ಚುವ ಸಾಧ್ಯತೆ ಇದೆ. ರೀಡ್, ರೈಟ್‌ಗೆ ಆ ಲೂಪ್ ಬೇಕು. ಕ್ಲೋಸ್‌ಗೆ ಬೇಡವೇ ಬೇಡ.

ಸರಿಯಾದ ಕ್ರಮ

ಕ್ಲೋಸ್ ಅನ್ನು 'ನಿಲ್ಲಿಸು' ಎಂಬ ಸೂಚನೆಯಾಗಿ ಬಳಸಬೇಡಿ. ಈ ರೇಸ್‌ಗಳಲ್ಲಿ ಬಹುಪಾಲು ಹುಟ್ಟುವುದೇ ಅಲ್ಲಿ. ಮುಖ್ಯ ಥ್ರೆಡ್‌ಗೆ ಓದುವ ಥ್ರೆಡ್ ಅನ್ನು ನಿಲ್ಲಿಸಬೇಕು. ಸುಲಭ ದಾರಿ ಅಂತ ಅದರ ಕಾಲಡಿಯ ಸ್ಟ್ರೀಮನ್ನೇ ಮುಚ್ಚಿಬಿಡುತ್ತದೆ. ಮೊದಲು ನಿಲ್ಲಲು ಹೇಳಿ. ಮಲಗಿದ್ದರೆ ಎಬ್ಬಿಸಿ. ಅದು ಮುಗಿಸುವವರೆಗೆ ಕಾಯಿರಿ, ಅಂದರೆ ಜಾಯಿನ್ ಮಾಡಿ. ಕೊನೆಗೆ ಮುಚ್ಚಿ. ಮುಚ್ಚುವವನು ಒಬ್ಬನೇ ಇರಬೇಕು, ಮತ್ತು ಎಲ್ಲರೂ ಮುಗಿಸಿದ್ದಾರೆ ಎಂದು ಗೊತ್ತಿರುವವನೇ ಆಗಿರಬೇಕು.

ಎಬ್ಬಿಸುವುದು ಹೇಗೆ ಎಂಬಲ್ಲೇ ಹೆಚ್ಚಿನವರು ಸಿಕ್ಕಿಬೀಳುತ್ತಾರೆ. ಲಿನಕ್ಸ್‌ನಲ್ಲಿ ರೀಡ್‌ನಲ್ಲಿ ಮಲಗಿರುವ ಥ್ರೆಡ್, ಇನ್ನೊಂದು ಥ್ರೆಡ್ ಕ್ಲೋಸ್ ಮಾಡಿದರೆ ಏಳುವುದಿಲ್ಲ. ನಡೆಯುತ್ತಿರುವ ರೀಡ್ ಕರ್ನಲ್ ಒಳಗೆ ಆ ಫೈಲನ್ನು ಹಿಡಿದುಕೊಂಡಿರುತ್ತದೆ. ಸಂಖ್ಯೆ ಖಾಲಿಯಾಯಿತು, ಫೈಲ್ ಜೀವಂತ ಇದೆ. ಸಾಕೆಟ್ ಆದರೆ ಆ ರೀಡ್ ಮುಗಿಯುವವರೆಗೆ ಎದುರಿನವರಿಗೆ ಮುಕ್ತಾಯದ ಪ್ಯಾಕೆಟ್ ಕೂಡ ಹೋಗುವುದಿಲ್ಲ. 'ನಾನು ಮುಚ್ಚಿದೆನಲ್ಲ, ಕನೆಕ್ಷನ್ ಏಕೆ ಇನ್ನೂ ಇದೆ' ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇದೇ.

ಸಾಕೆಟ್‌ಗೆ ಸರಿಯಾದ ಎಚ್ಚರಗಂಟೆ ಶಟ್‌ಡೌನ್ ಎಂಬ ಸಿಸ್ಟಂ ಕಾಲ್. ಅದು ಎಫ್‌ಡಿ ಸಂಖ್ಯೆಯನ್ನು ಬಿಡುಗಡೆ ಮಾಡುವುದಿಲ್ಲ, ಕನೆಕ್ಷನ್ ಅನ್ನಷ್ಟೇ ನಿಲ್ಲಿಸುತ್ತದೆ. ಮಲಗಿದ್ದ ರೀಡ್ 0, ಅಂದರೆ ಇನ್ನು ಡೇಟಾ ಇಲ್ಲ, ಎಂದು ಎದ್ದು ಬರುತ್ತದೆ. ಸಂಖ್ಯೆ ಇನ್ನೂ ನಮ್ಮದೇ, ಹಾಗಾಗಿ ಬೇರೆಯವರಿಗೆ ಸಿಗುವ ಭಯ ಇಲ್ಲ. ಆಮೇಲೆ ಜಾಯಿನ್, ಆಮೇಲೆ ಕ್ಲೋಸ್. ಪೈಪ್‌ಗೆ ಶಟ್‌ಡೌನ್ ಇಲ್ಲ. ಅಲ್ಲಿ ಒಂದು ಇವೆಂಟ್‌ಎಫ್‌ಡಿ (ಸೂಚನೆ ಕೊಡಲೆಂದೇ ಇರುವ ಎಫ್‌ಡಿ) ಮಾಡಿಕೊಂಡು, ಥ್ರೆಡ್ ನೇರವಾಗಿ ರೀಡ್‌ನಲ್ಲಿ ಕೂರುವ ಬದಲು ಹಲವು ಎಫ್‌ಡಿಗಳನ್ನು ಒಟ್ಟಿಗೆ ಕಾಯುವ ಪೋಲ್‌ನಲ್ಲಿ ಎರಡನ್ನೂ ಕಾಯಲಿ. ನಿಲ್ಲಿಸಬೇಕಾದಾಗ ಇವೆಂಟ್‌ಎಫ್‌ಡಿಗೆ 1 ಬರೆಯಿರಿ.

ಸಿ ಪ್ಲಸ್ ಪ್ಲಸ್‌ನವರಿಗೆ ಒಂದು ಸೂಕ್ಷ್ಮ. ಕ್ಲಾಸ್‌ನ ಸದಸ್ಯರು ಘೋಷಿಸಿದ ಕ್ರಮಕ್ಕೆ ಉಲ್ಟಾ ನಾಶವಾಗುತ್ತಾರೆ. ಥ್ರೆಡ್ ಮೊದಲು, ಎಫ್‌ಡಿ ಆಮೇಲೆ ಘೋಷಿಸಿದ್ದರೆ ಎಫ್‌ಡಿ ಮೊದಲು ಮುಚ್ಚುತ್ತದೆ, ಥ್ರೆಡ್ ಇನ್ನೂ ಓಡುತ್ತಿರುತ್ತದೆ. ಎಫ್‌ಡಿ ಮೇಲೆ, ಥ್ರೆಡ್ ಕೊನೆಯಲ್ಲಿ ಇಡಿ. ಸಿ ಪ್ಲಸ್ ಪ್ಲಸ್ 20ರ ಜೆಥ್ರೆಡ್ ಬಳಸಿದರೆ ನಾಶವಾಗುವಾಗ ತಾನೇ ನಿಲ್ಲಲು ಹೇಳಿ ಜಾಯಿನ್ ಆಗುತ್ತದೆ. ಆದರೆ ಮಲಗಿದ ರೀಡ್ ಅನ್ನು ಅದು ಎಬ್ಬಿಸುವುದಿಲ್ಲ, ಆ ಕೆಲಸ ನಿಮ್ಮದೇ. ಎರಡು ಸಾಲುಗಳ ಜಾಗ ಬದಲಿಸಿ ರೇಸ್ ಹೋದದ್ದನ್ನು ನೋಡಿದ್ದೇನೆ. ಹಾಗೆ ಬದಲಿಸಿದರೆ ಪಕ್ಕದಲ್ಲಿ ಕಾಮೆಂಟ್ ಬರೆಯಿರಿ, ಇಲ್ಲದಿದ್ದರೆ ಮುಂದೆ ಯಾರೋ 'ಚೆನ್ನಾಗಿ ಜೋಡಿಸುತ್ತೇನೆ' ಅಂತ ಮತ್ತೆ ಉಲ್ಟಾ ಮಾಡುತ್ತಾರೆ.

ಮುಚ್ಚುವ ಜಾಗಗಳು ಒಂದಕ್ಕಿಂತ ಜಾಸ್ತಿ ಇರಲೇಬೇಕಾದರೆ, ಎಫ್‌ಡಿಯನ್ನು ಅಟಾಮಿಕ್ ಎಕ್ಸ್‌ಚೇಂಜ್‌ನಿಂದ (ಒಂದೇ ಹೆಜ್ಜೆಯಲ್ಲಿ ಹಳೆಯದನ್ನು ಪಡೆದು ಹೊಸದನ್ನು ಇಡುವುದು) ಮೈನಸ್ 1 ಮಾಡಿ, ಹಳೆಯ ಎಫ್‌ಡಿ ಸಂಖ್ಯೆ ಪಡೆದವನು ಮಾತ್ರ ಮುಚ್ಚಲಿ. ಇದು ಎರಡು ಸಲ ಮುಚ್ಚುವುದನ್ನು ತಡೆಯುತ್ತದೆ. ಬಳಸುತ್ತಿರುವಾಗ ಮುಚ್ಚುವುದನ್ನು ತಡೆಯುವುದಿಲ್ಲ. ಅದಕ್ಕೆ ಬೇಕಾದದ್ದು ಎಣಿಕೆ: ಬಳಸುವ ಮುಂಚೆ ಒಂದು ಏರಿಸು, ಮುಗಿದ ಮೇಲೆ ಇಳಿಸು, ಕೊನೆಯವನು ಇಳಿಸಿದಾಗ ನಿಜವಾದ ಕ್ಲೋಸ್. ಗೋ ರನ್‌ಟೈಮ್ ತನ್ನ ಫೈಲ್ ಮತ್ತು ಸಾಕೆಟ್‌ಗಳಿಗೆ ಒಳಗೊಳಗೇ ಇದನ್ನೇ ಮಾಡುತ್ತದೆ. ಆದ್ದರಿಂದ ಗೋದಲ್ಲಿ ಸಾಕೆಟ್ ಅನ್ನು ಬೇರೆ ಗೊರೂಟಿನ್‌ನಿಂದ (ಗೋದ ಹಗುರ ಥ್ರೆಡ್) ಮುಚ್ಚಿದರೆ ಮಲಗಿದ ರೀಡ್ ಎರರ್ ಜೊತೆ ಏಳುತ್ತದೆ, ಸಂಖ್ಯೆ ಅದಲು ಬದಲಾಗುವ ಅಪಾಯವೂ ಇಲ್ಲ.

ಗೋದಲ್ಲಿ ಎರಡು ಸಾಮಾನ್ಯ ಪ್ರಸಂಗ

ಚಾನೆಲ್‌ಗೆ ಆ ರಕ್ಷಣೆ ಇಲ್ಲ. ಮುಚ್ಚಿದ ಚಾನೆಲ್‌ಗೆ ಕಳುಹಿಸಿದರೆ ಪ್ಯಾನಿಕ್ ಖಚಿತ. ಕಳುಹಿಸುವವನು ಒಬ್ಬನೇ ಇದ್ದರೆ ಅವನೇ ಮುಚ್ಚಲಿ, ಪಡೆಯುವವನು ಎಂದೂ ಮುಚ್ಚಬಾರದು. ಕಳುಹಿಸುವವರು ಹಲವರಿದ್ದರೆ ಅವರಲ್ಲಿ ಯಾರೂ ಮುಚ್ಚಬಾರದು. ವೇಟ್‌ಗ್ರೂಪ್ (ಎಷ್ಟು ಕೆಲಸ ಬಾಕಿ ಎಂದು ಎಣಿಸುವ ಸಾಧನ; ಆ್ಯಡ್ ಎಣಿಕೆ ಏರಿಸುತ್ತದೆ, ವೇಟ್ ಅದು ಸೊನ್ನೆಯಾಗುವವರೆಗೆ ಕಾಯುತ್ತದೆ) ಇಟ್ಟು, ಎಲ್ಲರೂ ಮುಗಿದ ಮೇಲೆ ಪ್ರತ್ಯೇಕ ಗೊರೂಟಿನ್ ಮುಚ್ಚಲಿ. ವೇಟ್‌ಗ್ರೂಪ್‌ನ ಆ್ಯಡ್ ಅನ್ನು ಗೊರೂಟಿನ್ ಒಳಗೆ ಬರೆಯುವ ತಪ್ಪು ಬಹಳ ಕಡೆ ಇರುತ್ತದೆ. ಗೊರೂಟಿನ್ ಇನ್ನೂ ಶುರುವಾಗುವ ಮುಂಚೆಯೇ ವೇಟ್ ಮುಗಿದು, ಚಾನೆಲ್ ಮುಚ್ಚಿ, ಆಮೇಲೆ ಅದು ಕಳುಹಿಸಲು ಬರುತ್ತದೆ. ಆ್ಯಡ್ ಹೊರಗೆ ಇರಬೇಕು. 2025ರ ಗೋ 1.25ರಲ್ಲಿ ವೇಟ್‌ಗ್ರೂಪ್‌ಗೆ ಗೋ ಎಂಬ ಮೆಥಡ್ಡೇ ಬಂದಿದೆ. ಅದನ್ನು ಬಳಸಿದರೆ ಈ ತಪ್ಪಿಗೆ ಜಾಗವೇ ಇಲ್ಲ.

ಇನ್ನೊಂದು, ಬೇರೆ ಪ್ರೋಗ್ರಾಮನ್ನು ಓಡಿಸಿ ಅದರ ಔಟ್‌ಪುಟ್ ಓದುವುದು. ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಪೈಪ್ ಪಡೆದು, ಒಂದು ಗೊರೂಟಿನ್‌ನಲ್ಲಿ ಓದುತ್ತಾ, ಮುಖ್ಯ ದಾರಿಯಲ್ಲಿ ವೇಟ್ ಕರೆಯುತ್ತಾರೆ. ಪ್ರೋಗ್ರಾಂ ಮುಗಿದ ಕೂಡಲೇ ವೇಟ್ ಆ ಪೈಪ್ ಅನ್ನು ಮುಚ್ಚುತ್ತದೆ. ಓದುವ ಗೊರೂಟಿನ್ ಹಿಂದೆ ಬಿದ್ದಿದ್ದರೆ ಕೊನೆಯ ಸಾಲುಗಳು ಹೋದವು, ಜೊತೆಗೆ 'ಫೈಲ್ ಆಲ್ರೆಡಿ ಕ್ಲೋಸ್ಡ್' ಎರರ್. ಓದು ಮುಗಿಯುವ ಮುಂಚೆ ವೇಟ್ ಕರೆಯುವುದು ತಪ್ಪು ಎಂದು ಗೋದ ದಾಖಲೆಯೇ ಹೇಳುತ್ತದೆ. ಕ್ರಮ ಹೀಗಿರಲಿ: ಸ್ಟಾರ್ಟ್, ಕೊನೆಯವರೆಗೆ ಓದು, ಆಮೇಲೆ ವೇಟ್. ಔಟ್‌ಪುಟ್ ಚಿಕ್ಕದಾದರೆ ಪೈಪ್ ಬಿಟ್ಟು ಬಫರ್ ಕೊಟ್ಟುಬಿಡಿ, ಆಗ ನಕಲು ಮುಗಿಯುವವರೆಗೆ ವೇಟ್ ತಾನೇ ಕಾಯುತ್ತದೆ. ಆ ಪ್ರೋಗ್ರಾಂ ತನ್ನದೇ ಮಕ್ಕಳನ್ನು ಹುಟ್ಟಿಸಿ ಹೋಗಿದ್ದರೆ, ಪೈಪ್ ಅವರ ಕೈಯಲ್ಲಿ ಉಳಿದು ವೇಟ್ ಮುಗಿಯದೇ ಇರಬಹುದು. ಅದಕ್ಕೆ ಗೋ 1.20ರಿಂದ, ವೇಟ್ ಹೀಗೆ ಕಾಯುವುದಕ್ಕೆ ಮಿತಿ ಹಾಕುವ ವೇಟ್‌ಡಿಲೇ ಇದೆ.

ಎದುರು ಬದಿಯಲ್ಲಿ ಡೇಟಾ ಕಾಣೆಯಾದರೆ

ನಮ್ಮ ಕಡೆ ಎಲ್ಲ ಸರಿ, ರೈಟ್‌ಗಳೆಲ್ಲ ಯಶಸ್ವಿ, ಆದರೂ ಎದುರಿನವರಿಗೆ ಕೊನೆಯ ಭಾಗ ಸಿಗಲಿಲ್ಲ ಅಂದರೆ ಎರಡನ್ನು ನೋಡಿ. ಬಫರ್ ಇರುವ ರೈಟರ್ ಆದರೆ ಫ್ಲಶ್ ಆಗಿದೆಯಾ (ಬಫರ್‌ನಲ್ಲಿ ಕೂಡಿಟ್ಟದ್ದು ನಿಜವಾಗಿ ಹೊರಗೆ ಹೋಗಿದೆಯಾ), ಫ್ಲಶ್‌ನ ಎರರ್ ಯಾರಾದರೂ ನೋಡಿದ್ದಾರಾ? ಇನ್ನು ಟಿಸಿಪಿ ಸಾಕೆಟ್‌ನಲ್ಲಿ, ನಾವಿನ್ನೂ ಓದದ ಡೇಟಾ ಬಂದು ಕೂತಿರುವಾಗ ಕ್ಲೋಸ್ ಮಾಡಿದರೆ ಲಿನಕ್ಸ್ ಸಭ್ಯವಾಗಿ ಮುಗಿಸುವ ಬದಲು ರೀಸೆಟ್ ಕಳುಹಿಸುತ್ತದೆ. ಆ ರೀಸೆಟ್ ತಲುಪಿದ ಮೇಲೆ, ನಾವು ಮುಂಚೆ ಕಳುಹಿಸಿದ್ದೂ ಎದುರಿನವರಿಗೆ ಸಿಗದೇ ಹೋಗಬಹುದು. ಬರೆಯುವ ದಿಕ್ಕನ್ನು ಮಾತ್ರ ಶಟ್‌ಡೌನ್ ಮಾಡಿ. ರೀಡ್ 0 ಕೊಡುವವರೆಗೆ ಓದಿ. ಆಮೇಲೆ ಮುಚ್ಚಿ. ಎದುರಿನವನು ಎಂದೂ ಮುಗಿಸದಿದ್ದರೆ ಸಿಕ್ಕಿಹಾಕಿಕೊಳ್ಳದಂತೆ ಆ ಓದಿಗೊಂದು ಟೈಮ್‌ಔಟ್ ಇರಲಿ.

ಸರಿಹೋಯಿತಾ ಎಂದು ನೋಡುವುದು

ಸ್ಲೀಪ್ ಹಾಕಿ ದೋಷ ಪದೇ ಪದೇ ಬರುವಂತೆ ಮಾಡಿದ ಬ್ರಾಂಚ್ ಇತ್ತಲ್ಲ, ಅದಕ್ಕೆ ಪರಿಹಾರ ಸೇರಿಸಿ ಓಡಿಸಿ. ಸ್ಲೀಪ್ ಇದ್ದೂ ದೋಷ ಬರಬಾರದು. ಸ್ಲೀಪ್ ಇಲ್ಲದ ಕೋಡ್ ಸಾವಿರ ಸಲ ಓಡಿತು ಎನ್ನುವುದಕ್ಕಿಂತ ಈ ಒಂದು ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ. ಗೋದಲ್ಲಿ ರೇಸ್ ಡಿಟೆಕ್ಟರ್ ಆನ್ ಮಾಡಿ ಟೆಸ್ಟ್‌ಗಳನ್ನು ಮರಳಿ ಮರಳಿ ಓಡಿಸಿ. ಮೆಮೊರಿ 5ರಿಂದ 10 ಪಟ್ಟು, ಸಮಯ 2ರಿಂದ 20 ಪಟ್ಟು ಬೇಕಾಗುತ್ತದೆ. ಸಿ ಮತ್ತು ಸಿ ಪ್ಲಸ್ ಪ್ಲಸ್‌ಗೆ ಆರ್‌ಆರ್ ಎಂಬ ರೆಕಾರ್ಡ್ ಡಿಬಗರ್‌ನ ಕೇಯಾಸ್ ಮೋಡ್ ಚೆನ್ನಾಗಿದೆ. ಅದು ಥ್ರೆಡ್‌ಗಳನ್ನು ಬೇಕೆಂದೇ ವಿಚಿತ್ರ ಕ್ರಮದಲ್ಲಿ ಓಡಿಸುತ್ತದೆ. ದೋಷ ಒಮ್ಮೆ ರೆಕಾರ್ಡ್ ಆದರೆ ಎಷ್ಟು ಸಲ ಬೇಕಾದರೂ ಅದೇ ಕ್ರಮದಲ್ಲಿ ಮತ್ತೆ ನೋಡಬಹುದು.

ಆಮೇಲೆ ಉಲ್ಟಾ ದೋಷ ಹುಟ್ಟಿಲ್ಲ ಎಂದೂ ನೋಡಿ. ಮುಚ್ಚಲು ಹೆದರಿ ಯಾರೂ ಮುಚ್ಚದಿದ್ದರೆ ಎಫ್‌ಡಿಗಳು ಸೋರುತ್ತಾ ಹೋಗುತ್ತವೆ, ಕೊನೆಗೆ 'ಟೂ ಮೆನಿ ಓಪನ್ ಫೈಲ್ಸ್' ಎಂದು ನಿಲ್ಲುತ್ತದೆ. ಪ್ರೋಕ್ ಡೈರೆಕ್ಟರಿಯಲ್ಲಿ ಆ ಪ್ರೋಸೆಸ್‌ನ ಎಫ್‌ಡಿ ಫೋಲ್ಡರ್ ಇದೆ. ಲೋಡ್ ಶುರು ಮಾಡುವ ಮುಂಚೆ ಅಲ್ಲಿ ಎಷ್ಟು ಎಂಟ್ರಿ ಇವೆ ಎಣಿಸಿ. ಲೋಡ್ ನಿಲ್ಲಿಸಿ, ಕನೆಕ್ಷನ್‌ಗಳೆಲ್ಲ ಮುಗಿದ ಮೇಲೆ ಮತ್ತೆ ಎಣಿಸಿ. ಒಂದೆರಡು ಸುತ್ತು ಹೀಗೆ ಮಾಡಿದಾಗಲೂ ಸಂಖ್ಯೆ ಮೊದಲಿನ ಜಾಗಕ್ಕೇ ಬಂದು ನಿಂತರೆ ಬದಲಾವಣೆಯನ್ನು ಪ್ರೊಡಕ್ಷನ್‌ಗೆ ಕಳುಹಿಸಬಹುದು.